ರಾಜಾನ ಉಪವಾಸ

ತನ್ನ ಅಜ್ಜ ಕೃಷ್ಣಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಎಂಬ ಮಾತನ್ನು ಹಣಮಂತ್ರಾಯ ಆಫೀಸಿನಲ್ಲಿ ಆಡಬಾರದಿತ್ತು. ಚಹಾ ಕುಡಿಯುವ ಹೊತ್ತಿನಲ್ಲಿ ಎಂಥೆಂಥದೋ ಮಾತು ಬರುತ್ತದೆ. ಬಂತು, ಆಡಿಬಿಟ್ಟ. ಮರುವಾರ ದೇವಿಂದ್ರಪ್ಪ ಸಾಹೇಬರು ಹೈದರಾಬಾದಿನಿಂದ ಎರಡಡಿ ಉದ್ದದ ಅರೋವಾನಾ ಮೀನು ತಂದರು. ಅವತ್ತಿನಿಂದ ಯಾದಗಿರಿಯ ಆ ಆಫೀಸಿನಲ್ಲಿ ಮೀನಿನ ವಿಷಯಕ್ಕೆ ಇವನೇ ಪಂಡಿತ. ಅಜ್ಜ ಮೀನು ಹಿಡಿದದ್ದು ಖರೆ, ಆದರೆ ಹಿಡಿದದ್ದನ್ನು ಸಾಕಿರಲಿಲ್ಲ, ತಿಂದಿದ್ದ. ಇದನ್ನು ಸಾಹೇಬರಿಗೆ ಹೇಳುವವರು ಯಾರು?

ಮೀನನ್ನು ಆರಿಸಿದವರು ಸಾಹೇಬರೇ. ಇಂಥದೊಂದು ಮೀನು ಸಾಕಿದರೆ ಬಡ್ತಿ ಬರುತ್ತದೆಂದು ಯಾರೋ ಕಿವಿ ಊದಿದ್ದರು. ಅಂಗಡಿಯಲ್ಲಿ ಬಾಕಿ ಮೀನುಗಳೆಲ್ಲ ಗಾಜಿನ ಹತ್ತಿರ ಬಂದು ಬಾಲ ಅಲ್ಲಾಡಿಸಿದವು. ಇದೊಂದು ಮಾತ್ರ ಅವರನ್ನು ಕಂಡೂ ಕಾಣದ ಹಾಗೆ ಗದ್ದ ಚಾಚಿಕೊಂಡು ಹಾದುಹೋಯಿತು. ಥೇಟ್ ಮೇಲಧಿಕಾರಿ! ಸಾಹೇಬರಿಗೆ ಭಕ್ತಿ ಹುಟ್ಟಿತು. ಇದಕ್ಕೆ ಏನು ತಿನ್ನಿಸಬೇಕೆಂದು ಅಂಗಡಿಯವನು ವಿವರಿಸುತ್ತಿದ್ದಾಗ ಅವರು ಮೀನಿನ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಮೀನಿಗೆ ರಾಜಾ ಎಂದು ಹೆಸರಾಯಿತು. ಶ್ರಾವಣ ಮುಗಿಯುವ ತನಕ ಮಾಂಸ ತಿನ್ನುವ ಪ್ರಾಣಿ ಹೊಸ್ತಿಲು ದಾಟಕೂಡದು ಎಂದು ಮನೆಯಾಕೆ ಹೇಳಿದ್ದರಿಂದ ರಾಜಾ ಗಾಜಿನ ತೊಟ್ಟಿ ಸಮೇತ ಆಫೀಸಿನ ಚೇಂಬರಿಗೆ ಬಂದ. ಬಂದವನು ಹದಿನಾಲ್ಕು ದಿನದಿಂದ ಏನೂ ತಿಂದಿರಲಿಲ್ಲ.

ಶನಿವಾರ ಬೆಳಗ್ಗೆ ಸಾಹೇಬರು ಹಣಮಂತ್ರಾಯನನ್ನು ಕರೆದರು. ಅವರ ಟೇಬಲ್ಲಿನ ಪಕ್ಕದಲ್ಲಿ ನಾಲ್ಕು ಖಾಲಿ ರಟ್ಟಿನ ಡಬ್ಬಿ ಬಿದ್ದಿದ್ದವು. ಹಳೆ ಕಾಗದ ತುಂಬಲಿಕ್ಕೆ ಇರಬಹುದೆಂದು ಇವನು ತಿಳಿದುಕೊಂಡ.

"ಹಣಮಂತ್ರಾಯ, ಇವತ್ತ ಸಂಜಿ ಒಳಗ ರಾಜಾ ಒಂದು ತುತ್ತರೆ ತಿನ್ನಬೇಕು ನೋಡು. ಅವ ತಿಂದ್ರ ನಿನ್ನ ಟ್ರಾನ್ಸ್‌ಫರ್‌ಗೆ ಇವತ್ತೇ ಸಹಿ ಹಾಕ್ತೀನಿ."

ಹಣಮಂತ್ರಾಯ ಕೂಡಲೇ ಅಂಗಿಯ ತೋಳು ಮಡಚಿದ. ಅವನ ಮನೆ ಸುರಪುರದ ರಂಗಂಪೇಟೆಯಲ್ಲಿ. ಕೋಳಿ ಕೂಗುವ ಮೊದಲೇ ಎದ್ದು ಶಹಾಪುರದ ಮೇಲೆ ಹಾಯ್ದು ಬರುವ ಬಸ್ಸು ಹಿಡಿಯಬೇಕು. ತಿರುಗಿ ಮನೆ ಮುಟ್ಟುವಾಗ ಮೂರು ವರ್ಷದ ಮಗಳು ಮಲಗಿರುತ್ತಾಳೆ. ಹೋದ ಭಾನುವಾರ ಆ ಕೂಸು ಬಾಗಿಲಲ್ಲಿ ಇವನನ್ನು ನೋಡಿ, "ಯವ್ವಾ, ಐತಾರದ ಕಾಕಾ ಬಂದಾನ" ಎಂದು ಒಳಗೆ ಸುದ್ದಿ ಮುಟ್ಟಿಸಿತ್ತು. ಸುರಪುರಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟು ಮೂರು ವರ್ಷ. ಫೈಲು ರೆಕಾರ್ಡ್ ರೂಮಿನಿಂದ ಅಲುಗಿರಲಿಲ್ಲ. ತಾಯಿ ಭೀಮವ್ವ ಮಗನ ವರ್ಗಕ್ಕಾಗಿ ಹಣಮಪ್ಪನಿಗೆ ಹರಕೆ ಹೊತ್ತು, ಶ್ರಾವಣದ ಶನಿವಾರ ನಿಟ್ಟುಪವಾಸ ಹಿಡಿದಿದ್ದಳು.

ಜವಾನ ಮರಿಲಿಂಗ ಮೊದಲು ತಲೆ ಹಾಕಿದ. "ರೊಟ್ಟಿ ಹಾಕಿ ನೋಡ್ರಿ ಅಣ್ಣಾರ. ಜ್ವಾಳದ ರೊಟ್ಟಿ ಬ್ಯಾಡನ್ನೋ ಜೀವ ಎಲ್ಲಿ ಅದ?"

ರಾಜಾ ಬ್ಯಾಡಂದ.

"ಬರೇ ರೊಟ್ಟಿ ಯಾರು ತಿಂತಾರ್ರಿ? ಶೇಂಗಾ ಹಿಂಡಿ ಹಚ್ರಿ."

ಹಿಂಡಿಯ ಖಾರಕ್ಕೆ ನೀರು ಕೆಂಪಗಾಯಿತು. ಹಣಮಂತ್ರಾಯ ಪ್ಯಾಂಟು ಮಡಚಿ, ಹನ್ನೆರಡರ ತನಕ ಬಕೀಟಿನಲ್ಲಿ ನೀರು ಬದಲಾಯಿಸಿದ. ಮರಿಲಿಂಗ ಉಳಿದ ರೊಟ್ಟಿ ತಿಂದ.

ಕಡೆಗೆ ಹಣಮಂತ್ರಾಯ ಮುಖಕ್ಕೆ ಕರವಸ್ತ್ರ ಸುತ್ತಿಕೊಂಡು ಮಸ್ತಾನಸಾಬನ ಮೀನಂಗಡಿಗೆ ಹೋದ.

"ಅರೇ, ಶ್ರಾವಣದಾಗ ನಿಮ್ಮ ಮಂದಿ ನನ್ನ ಅಂಗಡಿ ಕಡಿ ತಲಿ ಹಾಕಿ ಮಲಗಂಗಿಲ್ಲ. ನೀ ಏನಪಾ, ಸೀದಾ ಒಳಗೇ ಬಂದಿ?"

"ನನಗಲ್ಲೋ ಮಾರಾಯ, ಸಾಹೇಬ್ರ ಮೀನಿಗಿ."

"ಮೀನಿಗಿ ಮೀನಾ?" ಮಸ್ತಾನಸಾಬ ಕತ್ತಿ ಕೆಳಗಿಟ್ಟ. "ಅದರ ಬಾಯಿ ಮ್ಯಾಲಕ್ಕ ಅದೇನು?"

"ಆಕಾಶ ನೋಡಿದಂಗ ಅದ."

"ಹಂಗಾದ್ರ ನೀರಿನ ಮ್ಯಾಲ ಬಿದ್ದದ್ದು ಹಿಡಿಯೋ ಜಾತಿ. ಸತ್ತದ್ದು ಮುಟ್ಟಂಗಿಲ್ಲ. ಜೀವಂತ ಒಯ್ಯಿ." ಹತ್ತು ಸಣ್ಣ ಮೀನು ನೀರು ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಟ್ಟ.

ಅಂಗಡಿಯ ಮೆಟ್ಟಿಲು ಇಳಿಯುತ್ತಲೇ ಎದುರಿಗೆ ಅಯ್ಯಮ್ಮ. ರಂಗಂಪೇಟೆಯ ಇವನ ಓಣಿಯವಳೇ, ಕಣ್ಣು ತೋರಿಸಿಕೊಳ್ಳಲಿಕ್ಕೆ ಯಾದಗಿರಿಗೆ ಬಂದಿದ್ದಳು. ಆಕೆಯ ಕಣ್ಣಿಗೆ ಏನೂ ಆಗಿರಲಿಲ್ಲ.

"ಯಾರು, ಭೀಮವ್ವನ ಮಗ ಏನು? ಚೀಲದಾಗ ಏನದಪಾ?"

"ನೀರು, ಅತ್ತಿ."

"ನೀರು ಒದ್ಯಾಡಾಕತ್ತಾದಲ್ಲೋ!"

ಆಫೀಸಿನ ಗೇಟು ಮುಟ್ಟುವ ಮೊದಲೇ ತಾಯಿಯ ಫೋನು ಬಂತು.

"ನಿನ್ನ ಸಲುವಾಗಿ ನಾ ಇಲ್ಲಿ ಹನಿ ನೀರು ಮುಟ್ಟಲ್ದ ಕುಂತೀನಿ, ನೀ ಅಲ್ಲಿ ಮೀನ ತಿನ್ನಾಕತ್ತಿ? ಶನಿವಾರ! ಹಣಮಪ್ಪನ ಹೆಸರು ಇಟ್ಕೊಂಡು!"

"ಯವ್ವಾ, ನಾ ತಿನ್ನಾಕತ್ತಿಲ್ಲ, ತಿನಸಾಕತ್ತೀನಿ. ರಾಜಾಗ."

"ಅವ ಯಾವನು ರಾಜಾ? ಎಂಥವರ ಸಂಗಡ ಬಿದ್ದೀಯೋ ನನ ಮಗನ? ಶ್ರಾವಣ ಮುಗಿಯೂತನ ಹೊಸ್ತಿಲ ತುಳಿಬ್ಯಾಡ." ಫೋನು ಕಟ್ಟಾಯಿತು.

ಮನೆ ಹತ್ತಿರ ಹೋಗಲಿಕ್ಕೆಂದು ಇಷ್ಟೆಲ್ಲ ಮಾಡಿದರೆ ಮನೆಯ ಬಾಗಿಲೇ ಮುಚ್ಚಿತಲ್ಲ ಎಂದು ಹಣಮಂತ್ರಾಯನಿಗೆ ಅಳು ಬಂತು. ಅಳುತ್ತಲೇ ಹತ್ತೂ ಮೀನು ನೀರಿಗೆ ಬಿಟ್ಟ. ಅವು ಸೀದಾ ತಳಕ್ಕೆ ಹೋಗಿ ಪಂಪಿನ ಹಿಂದೆ ಸೇರಿಕೊಂಡವು. ರಾಜಾ ಕೆಳಗೆ ನೋಡುವವರ ಪೈಕಿ ಅಲ್ಲ. ಸಂಜೆಯ ಹೊತ್ತಿಗೆ ಅವು ಅಲ್ಲಿ ಸಂಸಾರ ಹೂಡಿದ ಹಾಗೆ ಕಾಣುತ್ತಿದ್ದವು.

ಐದು ಗಂಟೆಗೆ ಸಾಹೇಬರು ಕೈಗಡಿಯಾರ ನೋಡಿದರು. "ಮರಿಲಿಂಗಾ, ಇವನ ಫೈಲ್ ತಗೊಂಡು ಬಾ. ತಿಂದ್ರ ಸಹಿ, ಇಲ್ಲಂದ್ರ ಅದು ಮತ್ತ ಕಪಾಟಿಗಿ."

ಮರಿಲಿಂಗ ಫೈಲು ತಂದು ಹಣಮಂತ್ರಾಯನ ಕೈಗೆ ಕೊಟ್ಟ. ದಾರ ಬಿಚ್ಚಿದ್ದೇ ತಡ, ಮೂರು ವರ್ಷ ತಿಂದು ಕೊಬ್ಬಿದ ಒಂದು ಜಿರಳೆ ಸರಸರ ಅವನ ತೋಳು ಹತ್ತಿತು. "ಅಯ್ಯಯ್ಯೋ" ಎಂದು ಕೊಡವಿದ. ಅದು ರೆಕ್ಕೆ ಬಿಚ್ಚಿ ಹೋಗಿ ನೀರಿನ ಮೇಲೆ ಬಿತ್ತು.

ಬಾವಿಗೆ ಕೊಡ ಬಿದ್ದಂಥ ಸಪ್ಪಳವಾಯಿತು. ಸಾಹೇಬರ ಅಂಗಿ ತೊಯ್ದುಹೋಯಿತು. ಜಿರಳೆ ಇರಲಿಲ್ಲ.

 ಹಣಮಂತ್ರಾಯ ಫೈಲು ಜಾಡಿಸಿದ. ಇನ್ನೊಂದು ಬಂತು. ಅದರ ಮೀಸೆ ಹಿಡಿದು ನೀರಿನ ಮೇಲೆ ತೂಗಿದ. ರಾಜಾ ಅವನ ಬೆರಳ ತುದಿಯಿಂದಲೇ ಕಿತ್ತುಕೊಂಡ. ಮೂರನೆಯದನ್ನು ಸಾಹೇಬರು ಪ್ರೀತಿಯಿಂದ ಹಿಡಿದರು. ರಾಜಾ ಮುಖ ತಿರುವಿದ. ಮರಿಲಿಂಗ ಹಿಡಿದ. ರಾಜಾ ಬೆನ್ನು ತೋರಿಸಿದ. ಅದೇ ಜಿರಳೆಯನ್ನು ಹಣಮಂತ್ರಾಯ ಹಿಡಿದ. ಗುಳುಂ!

ಸಾಹೇಬರು ಹಣಮಂತ್ರಾಯನನ್ನೇ ಬಹಳ ಹೊತ್ತು ನೋಡಿದರು. ಹೊರಗೆ ಹೋಗಿ ಯಾರಿಗೋ ಫೋನು ಮಾಡಿ ಬಂದರು. ತಾವೇ ಊರಿನ ಹೆಸರು ತುಂಬಿ, ಸಹಿ ಹಾಕಿ, ಕಾಗದ ಮಡಚಿ ಕೊಟ್ಟರು. ಸಹಿ ಬಿದ್ದದ್ದೇ ತಡ, ಮರಿಲಿಂಗ ಸುದ್ದಿ ಮುಟ್ಟಿಸಲಿಕ್ಕೆ ಫೋನು ಹಿಡಿದು ಹೊರಗೆ ಓಡಿದ. ಹಣಮಂತ್ರಾಯ ಕಾಲು ಹಿಡಿದ. ಕಣ್ಣೊರೆಸಿಕೊಳ್ಳುತ್ತ ಕಾಗದ ಬಿಚ್ಚಿದ.

"ಸಾಹೇಬ್ರ, ಇದರಾಗ ಬೀದರ ಅಂತ ಬರದೀರಿ."

"ಹೌದಲ್ಲ. ನನಗ ಬೀದರಕ್ಕ ಬಡ್ತಿ ಆಗ್ಯಾದೋ. ಬೆಳಿಗ್ಗಿ ಆರ್ಡರ್ ಬಂತು, ನಾಳಿಗಿ ಹೊಂಟೀನಿ. ಎಲ್ಲಾ ರಾಜಾನ ಕಾಲ್ಗುಣ. ಅವ ನಿನ್ನ ಕೈಲೆ ಬಿಟ್ರ ತಿನ್ನಂಗಿಲ್ಲ, ನೀನೇ ನೋಡಿದ್ಯಲ್ಲ. ಟ್ರಾನ್ಸ್‌ಫರ್ ಮಾಡ್ತೀನಿ ಅಂದಿದ್ದೆ, ಮಾಡೀನಿ."

ಹಣಮಂತ್ರಾಯನ ಫೋನು ಮತ್ತೆ ರಿಂಗಾಯಿತು.

"ತಮ್ಮಾ, ನಿನ್ನ ಆಫೀಸಿನ ಮರಿಲಿಂಗ ಎಲ್ಲಾ ತಿಳಿಸಿ ಹೇಳ್ದ," ಭೀಮವ್ವ ಹರ್ಷದಿಂದ ಕೂಗುತ್ತಿದ್ದಳು. "ಟ್ರಾನ್ಸ್‌ಫರ್ ಆತಂತಲ್ಲ, ಖರೆ ಏನು?"

"ಆತು ಯವ್ವಾ, ಆದ್ರ..."

"ನನ್ನ ಉಪಾಸ ಸುಳ್ಳಾಗಲಿಲ್ಲ ನೋಡು! ತಡಿ, ಮೊದಲ ಗುಡಿಗಿ ಹೋಗಿ ಕಾಯಿ ಒಡದು ಬರ್ತೀನಿ." ಆಕೆ ಹೊರಟೇಹೋದಳು.

ಸಾಹೇಬರು ಅಂಗಿ ಹಿಂಡಿಕೊಳ್ಳುತ್ತ ಬಾಗಿಲ ತನಕ ಬಂದು ಅವನ ಬೆನ್ನು ತಟ್ಟಿದರು.

"ಬೀದರಕ್ಕ ಬರೂ ಮುಂದ ಆ ಫೈಲ್ ಮರೀಬ್ಯಾಡ. ಅದರಾಗ ಇನ್ನೂ ಒಂದು ತಿಂಗಳ ಊಟ ಅದ."