ಬಂಗಾರದ ತಂತಿ ಹರಿಯುವ ಅಕ್ಕ

ನನ್ನ ಅಕ್ಕ ಸಂಬಳ ತೆಗೆದುಕೊಂಡು ಬಂಗಾರ ಹಾಳು ಮಾಡುತ್ತಾಳೆ. ನಂಬುವುದಿಲ್ಲವೇ? ದೂರದ ಊರಿನ ಲ್ಯಾಬಿನಲ್ಲಿ ಬಂಗಾರದ ತಂತಿಯನ್ನು ಎಳೆದೆಳೆದು ಕೊನೆಗೆ ಒಂದೇ ಒಂದು ಪರಮಾಣು ಹಳ್ಳದ ಮೇಲಿನ ಸಂಕದಂತೆ ಉಳಿಯುವಷ್ಟು ತೆಳ್ಳಗೆ ಮಾಡುವುದು, ಅದರಲ್ಲಿ ಕರೆಂಟು ಬಿಟ್ಟು ಅದರ ಏರಿಳಿತದ ಗಲಾಟೆ ಅಳೆಯುವುದು, ತುಂಡಾದರೆ ಮತ್ತೆ ಕೂಡಿಸುವುದು. ಹೀಗೆ ಹತ್ತು ಸಾವಿರ ಸಲ! ಅಗಸೂರಿನ ಅತ್ತೆ ಕೇಳಿ, "ಅದಕ್ಕೆ ಪಗಾರ ಬೇರೆ ಕೊಡ್ತರಾ? ನನ್ನ ಮೊಮ್ಮಗ ನನ್ನ ಸರವನ್ನ ಪುಕ್ಕಟೆ ಹರಿದು ಕೊಟ್ಟ" ಅಂದಳು.

ನಾನೂ ಎಣಿಸುವವಳೇ. ಆರನೇ ಇಯತ್ತೆಯಿಂದ ದಿನಚರಿ ಬರೆಯುತ್ತಿದ್ದೇನೆ. ಅಪ್ಪ ಕೆಲಸ ಮುಗಿಸಿ ಕೈಗಾ ಬಸ್ಸಿನಿಂದ ಇಳಿದ ಹೊತ್ತು, ಬಾವಿಯ ನೀರಿನ ಮಟ್ಟ, ಕೋಳಿ ಇಟ್ಟ ಮೊಟ್ಟೆ, ಎಲ್ಲವೂ ಇದೆ. ಅಕ್ಕ ಎಣಿಸಿದರೆ ಸಂಶೋಧನೆ. ನಾನು ಎಣಿಸಿದರೆ ಹೆತ್ತ ಆಯಿಯೇ, "ಬೇರೆ ಕೆಲಸ ಇಲ್ವನೇ ನಿಂಗೆ?" ಅನ್ನುತ್ತಾಳೆ.

ಮೇ ಒಂಬತ್ತರಂದು ಅಕ್ಕ ರಜೆಗೆ ನಮ್ಮೂರು ಹಟ್ಟಿಕೇರಿಗೆ ಬಂದಳು. ಹುರಿದ ಸಿಗಡಿ: ಅಕ್ಕನಿಗೆ ಒಂಬತ್ತು, ನನಗೆ ನಾಲ್ಕು. ಮೇ ಹತ್ತು: ಅವಳಿಗೆ ಹತ್ತು, ನನಗೆ ಮೂರು. ದೊಡ್ಡವು ಯಾರ ತಟ್ಟೆಗೆ ಬಿದ್ದವು ಎಂಬುದಕ್ಕೆ ಬೇರೆಯೇ ಕಾಲಮು.

ಮೇ ಹನ್ನೊಂದರಂದು ಅಡುಗೆಮನೆಯ ಫ್ಯಾನಿನ ಸ್ವಿಚ್ಚು ಚರಚರ ಎನ್ನುವುದು ಅವಳ ಕಿವಿಗೆ ಬಿತ್ತು. ಅಪ್ಪ ಕರೆಸಿದ ವೈರ್‌ಮನ್ನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿ, ಸ್ವಿಚ್ಚನ್ನು ತಾನೇ ಬಿಚ್ಚಿಟ್ಟುಕೊಂಡು ಕುಳಿತಳು. ಎರಡು ದಿನ ಫ್ಯಾನಿಲ್ಲ! ನಾನಾಗಿದ್ದರೆ ಬೆನ್ನಿಗೆ ಬೀಳುತ್ತಿತ್ತು. ಆಯಿ ಮಾತ್ರ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ, "ಇರ್ಲಿ, ಅದು ಎಂತದೋ ಕಂಡುಹಿಡೀತದೆ" ಎಂದಳು.

"ಪೂರ್ತಿ ತಾಗಿದ್ರೆ ಕರೆಂಟು ಸುಮ್ಮಗೆ ದಾಟ್ತದೆ" ಎಂದು ಅಕ್ಕ ವಿವರಿಸಿದಳು. "ಅರ್ಧಂಬರ್ಧ ತಾಗಿದ್ರೆ ಸ್ವಲ್ಪ ದಾಟ್ತದೆ, ಸ್ವಲ್ಪ ತಿರುಗಿ ಬರ್ತದೆ. ಗಲಾಟೆ ಅಲ್ಲೇ. ಅದಿರ್ಲಿ, ಇದು ಯಾವಾಗಿಂದ ಹೀಗೆ?"

ಅಪ್ಪನಿಗೆ ಗೊತ್ತಿಲ್ಲ, ಆಯಿಗೆ ಗೊತ್ತಿಲ್ಲ. ನನಗೆ ಗೊತ್ತು, ಬರೆದಿಟ್ಟಿದ್ದೇನೆ! ಈ ಮನೆಗೆ ನನ್ನ ದಿನಚರಿ ಬೇಕಾದದ್ದು ಅದೇ ಮೊದಲು. ಎದೆಯುಬ್ಬಿಸಿ ತಂದುಕೊಟ್ಟೆ. ಕೊಟ್ಟ ಮೇಲೆ ಸಿಗಡಿಯ ಲೆಕ್ಕ ನೆನಪಾಯಿತು.

ಅಕ್ಕ ಪುಟ ತಿರುಗಿಸುತ್ತ ಬಿದ್ದು ಬಿದ್ದು ನಕ್ಕಳು. ಆಮೇಲೆ ಹಿಂದಿನ ಪುಟಗಳಿಗೆ ಹೋದಳು. ನಗು ನಿಂತಿತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎಳೆದ ಸಣ್ಣ ಗೀಟುಗಳನ್ನು ಬೆರಳಿಟ್ಟು ಎಣಿಸತೊಡಗಿದಳು.

"ಇದು ಎಂತದ್ದೇ?"

"ನೀ ಹೋಗಿ ಎಷ್ಟು ದಿನ ಆಯ್ತು ಅಂತ."

ಅವಳು ದಿನಚರಿ ಮುಚ್ಚಿ ನನ್ನ ಕೈಗಿಟ್ಟಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ, ತನ್ನ ತಟ್ಟೆಗೆ ಆಯಿ ಬಡಿಸಿದ್ದ ಸಿಗಡಿಯನ್ನೆಲ್ಲ ಮುಟ್ಟುವ ಮೊದಲೇ ನನ್ನ ತಟ್ಟೆಗೆ ಸುರಿದಳು. ನನಗೆ ಹದಿನಾಲ್ಕು, ಅವಳಿಗೆ ಸೊನ್ನೆ. ಎಷ್ಟು ವರ್ಷದಿಂದ ಕಾದಿದ್ದ ಲೆಕ್ಕ! ಬರೆಯಲು ಮನಸ್ಸೇ ಬರಲಿಲ್ಲ. ಏಳನ್ನು ಎಣಿಸಿ ಅವಳ ತಟ್ಟೆಗೆ ಹಾಕಿದೆ.