ಭಾವನ ಬೆನ್ನ ಮೇಲೆ ಹೂವು

ಅಂಗಡಿಗಳ ಬೋರ್ಡ್ ಬರೆಯುವ ಆ ಮನುಷ್ಯನಿಗೆ ಮದುವೆಯಲ್ಲಿ ಹೆಂಡತಿಯ ಜೊತೆ ಬಳುವಳಿಯಾಗಿ ಬಂದದ್ದು ಒಂದು ಆಮೆ. ಅವಳು ಹುಟ್ಟುವ ಮೊದಲೇ ಅವಳಪ್ಪ ಸಾಕಿದ್ದು. ಹಾಗಾಗಿ ಅವಳು ಅದನ್ನು ‘ಅಣ್ಣ’ ಎನ್ನುತ್ತಿದ್ದಳು. ಆ ಪ್ರಕಾರ ಇವನಿಗೆ ಸಾಕ್ಷಾತ್ ಭಾವ! ಹಿತ್ತಲಿನ ಎಳೆ ಸೊಪ್ಪು ಮೊದಲು ಭಾವನಿಗೆ, ಮಿಕ್ಕಿದ್ದು ಇವನಿಗೆ. (ಮಿಕ್ಕಿದ್ದು ಅಂದರೆ ದಂಟು.)

ಒಂದು ಬೆಳಿಗ್ಗೆ ದಂಟು ಅಗಿದು ಅಗಿದು ಅವನ ತಾಳ್ಮೆ ತಪ್ಪಿತು.

“ನಿನ್ನಣ್ಣನಿಗೂ ಕಲ್ಲಿಗೂ ಏನೇ ವ್ಯತ್ಯಾಸ? ಕಲ್ಲಾದ್ರೆ ಬಟ್ಟೆ ಒಗೆಯೋಕಾದ್ರೂ ಆಗುತ್ತೆ!”

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಚಪ್ಪಲಿ ಮೆಟ್ಟಿಕೊಂಡು ತಾನು ಕೆಲಸ ಮಾಡುವ ಗ್ರಂಥಾಲಯಕ್ಕೆ ಹೊರಟೇಬಿಟ್ಟಳು.

ಹತ್ತು ಗಂಟೆಗೆ ಪಶ್ಚಾತ್ತಾಪ ಶುರುವಾಯಿತು. ಹತ್ತೂಕಾಲಿಗೆ ಅದೇ ಮಹಾಯೋಜನೆಯಾಯಿತು. ಸೊಪ್ಪಿನ ಮಡಿಯ ಸುತ್ತ ಇಟ್ಟ ಗುಂಡುಕಲ್ಲುಗಳ ಮೇಲೆಲ್ಲ ಹೂ ಬರೆದು ಅವಳನ್ನು ನಗಿಸಬೇಕು!

ಇಲ್ಲೊಂದು ಗುಟ್ಟಿದೆ. ಎರಡು ವರ್ಷದಿಂದ ಅವನಿಗೆ ಹತ್ತಿರದ ವಸ್ತುಗಳೆಲ್ಲ ಮಸುಕು. ಕನ್ನಡಕ ಹಾಕಿದ ಪೇಂಟರ್‌ನನ್ನು ನಂಬಿ ಯಾರು ಬೋರ್ಡ್ ಕೊಡುತ್ತಾರೆಂದು ಹೆಂಡತಿಗೂ ಹೇಳದೆ, ಗೇಣು ಹಾಕಿ ಅಳೆದು ಅಕ್ಷರ ಬರೆಯುತ್ತಿದ್ದ.

ಎಂಟು ಕಲ್ಲು ಮುಗಿದವು. ಒಂಬತ್ತನೆಯದನ್ನು ಸವರಿದಾಗ ಅಲ್ಲಿ ಮೊದಲೇ ಗೆರೆಗಳಿದ್ದವು. ‘ಆಹಾ, ದೇವರೇ ಗೆರೆ ಎಳೆದಿಟ್ಟಿದ್ದಾನೆ, ಬಣ್ಣ ತುಂಬುವುದಷ್ಟೇ ನನ್ನ ಪಾಲು’ ಎಂದುಕೊಂಡು ಹಳದಿ ಎನಾಮಲ್ ಧಾರಾಳವಾಗಿ ಬಳಿದ.

ಸಂಜೆ ಬಂದವಳು ಹಿತ್ತಲಿನ ಮೆಟ್ಟಿಲ ಮೇಲೆಯೇ ನಿಂತಳು.

“ಇದೆಲ್ಲ ನೀವೇ ಮಾಡಿದ್ರಾ?”

“ಮತ್ತೆ? ನಿನ್ನಣ್ಣ ಮಾಡ್ತಾನಾ?”

ಅವಳು ನಕ್ಕಳು. ಅಷ್ಟರಲ್ಲಿ ಒಂಬತ್ತನೆಯ ಹೂವು ಎದ್ದು, ಸೊಪ್ಪಿನ ಕಡೆ ನಡೆಯತೊಡಗಿತು.

ನಗು ಅಲ್ಲೇ ಇಂಗಿತು. “ಬೆಳಿಗ್ಗೆ ಬಾಯಲ್ಲಿ ಅಂದಿದ್ದು ಸಾಲ್ದು ಅಂತ ಈಗ ಮಾಡಿ ತೋರಿಸಿದ್ರಾ?”

“ಅಯ್ಯೋ, ಇಲ್ಲ ಕಣೇ! ಆಮೆ ಅಂತ ಗೊತ್ತಾಗ್ಲಿಲ್ಲ. ತಲೆ, ಕಾಲು ಎಲ್ಲಾ ಒಳಗೆ ಎಳ್ಕೊಂಡಿದ್ದ!”

“ನೀವು ಬ್ರಷ್ ಹಿಡ್ಕೊಂಡು ಬಂದ್ರೆ ನಾನೂ ಎಳ್ಕೋತಿದ್ದೆ.”

ಅವಳು ಅಣ್ಣನನ್ನು ಟವೆಲ್‌ನಲ್ಲಿ ಸುತ್ತಿ ಬುಟ್ಟಿಗಿಟ್ಟಳು. ಪಕ್ಕದಲ್ಲಿ ತನ್ನದೂ ಎರಡು ಜೊತೆ ಬಟ್ಟೆ. ತನ್ನ ಅಕ್ಕನ ಮನೆಗೆ ಹೊರಟಿದ್ದಾಳೆಂದು ಅವನಿಗೆ ಗೊತ್ತಾಯಿತು. ಈಗ ಕ್ರೂರಿ ಎನಿಸಿಕೊಳ್ಳಬೇಕು, ಇಲ್ಲವೇ ಕುರುಡ ಎನಿಸಿಕೊಳ್ಳಬೇಕು. ಮೂರನೆಯ ದಾರಿ ಇರಲಿಲ್ಲ.

“ಹತ್ತಿರದ್ದು ಕಣ್ಣಿಗೆ ಕಾಣಲ್ಲ ಕಣೇ. ಎರಡು ವರ್ಷ ಆಯ್ತು.”

ಬುಟ್ಟಿ ಕೆಳಗಿಳಿಯಿತು. “ಎರಡು ವರ್ಷ! ಮತ್ತೆ ನಾನು ಕಸೂತಿ ಹಾಕಿ ತೋರಿಸಿದಾಗೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರಲ್ಲ?”

“ಅದು... ಅಂದಾಜಿನ ಮೇಲೆ.”

ಅವಳು ಹೋಗಲಿಲ್ಲ. ಆದರೆ ಮರುದಿನ ಅವನ ಕಿವಿ ಹಿಡಿದುಕೊಂಡು ಹೋದಂತೆ ಕರೆದುಕೊಂಡು ಹೋಗಿ ಮೂಗಿನ ಮೇಲೆ ಕನ್ನಡಕ ಕೂರಿಸಿದಳು. ಬಣ್ಣ ಕರಗಿಸುವ ಎಣ್ಣೆ ಭಾವನ ಮೈಗೆ ವಿಷವಂತೆ. ಒದ್ದೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿಯೇ ತೆಗೆಯಬೇಕು. ದಿನಕ್ಕೆ ಉಗುರಿನಷ್ಟು ಹಳದಿ ಬಿಡುತ್ತಿತ್ತು.

ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದು, ಅವನು ಭಾವನ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಸುಕ್ಕುಗಟ್ಟಿದ ಕತ್ತು, ಸಣ್ಣ ಕಪ್ಪು ಕಣ್ಣು. ಆ ಕಣ್ಣಿನ ಅಂಚಿಗೇ ಒಂದು ಹನಿ ಹಳದಿ ಬಿದ್ದು ಒಣಗಿತ್ತು. ಇವನು ಬಟ್ಟೆ ಕೆಳಗಿಟ್ಟ.

“ತಪ್ಪಾಯ್ತು ಭಾವ” ಎಂದ ಮೆಲ್ಲಗೆ.

ಭಾವ ತಲೆಯನ್ನು ಸರಕ್ಕನೆ ಒಳಗೆ ಎಳೆದುಕೊಂಡ.

“ಇನ್ನೂ ಸಿಟ್ಟು ಇಳಿದಿಲ್ವೇನೇ?”

“ಇಷ್ಟು ಬೇಗಾನಾ?” ಅವಳು ಬಟ್ಟೆ ಹಿಂಡುತ್ತಾ ಹೇಳಿದಳು. “ಒಂದ್ಸಲ ನಮ್ಮಪ್ಪ ಗೊತ್ತಿಲ್ದೆ ಅಣ್ಣನ ಕಾಲು ತುಳಿದಿದ್ರು. ಏಳು ವರ್ಷ ಅವರ ಕಡೆ ತಿರುಗಿ ನೋಡ್ಲಿಲ್ಲ.”

“ಏಳು ವರ್ಷ! ಆಮೇಲೆ ಸರಿಹೋದ್ನಾ?”

“ಆಮೇಲೆ ಅಪ್ಪಾನೇ ಹೋಗ್ಬಿಟ್ರು.”