ಸಾಹೇಬರ ಮೂಡಿನ ದೀಪ

"ಹಸಿರು ಹತ್ತಿದ್ರ ಒಳಗ ಹೋಗ್ರಿ. ಹಳದಿ ಹತ್ತಿದ್ರ ನಮಸ್ಕಾರ ಹೇಳಿ ಹೊಳ್ಳಿ ಬರ್ರಿ. ಕೆಂಪು ಹತ್ತಿದ್ರ ಇವತ್ತ ನೀವು ಕೆಲಸಕ್ಕ ಬಂದೇ ಇಲ್ಲ ಅಂತ ತಿಳ್ಕೋರಿ!"

ಮ್ಯಾನೇಜರ್ ಅಂದಾನಪ್ಪ ಸಾಹೇಬರ ಕೋಣೆಯ ಬಾಗಿಲ ಮೇಲೆ ಮೂರು ಬಣ್ಣದ ದೀಪದ ಡಬ್ಬಿಯೊಂದನ್ನು ಬಡಿದು ಕೂರಿಸಿ, ನಮ್ಮ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಫಕೀರಪ್ಪ ಎದೆಯುಬ್ಬಿಸಿ ನಿಂತ. ಈತ ನಮ್ಮ ಪಕ್ಕದ ಮನೆಯವನೂ ಹೌದು. ಈತ ಮಾಡಿದ ತಾನೇ ಜೋಗುಳ ಹಾಡುವ ತೊಟ್ಟಿಲು ಇಡೀ ಓಣಿಯ ನಿದ್ದೆ ಕೆಡಿಸಿತ್ತು. ಹಾಗಾಗಿ ನಾನು ಸ್ವಲ್ಪ ದೂರವೇ ನಿಂತೆ.

ಗದಗಿನಲ್ಲಿ ಕಬ್ಬಿಣದ ಕಪಾಟು ಮಾಡುವ ಕಾರ್ಖಾನೆ ನಮ್ಮದು. ಇಲ್ಲಿ ರಜೆ ಸಿಗುವುದು ನಿಯಮದಿಂದಲ್ಲ, ಸಾಹೇಬರ ಮೂಡಿನಿಂದ. ಮೊದಲು ಜವಾನ ಹುಸೇನಸಾಬರಿದ್ದರು. ಸಾಹೇಬರು ಚಹಾದ ಕಪ್ಪು ಕೆಳಗಿಟ್ಟ ಸಪ್ಪಳ ಕೇಳಿಯೇ "ಇವತ್ತ ಬ್ಯಾಡ್ರಿ" ಎಂದು ನಮ್ಮನ್ನು ಉಳಿಸುತ್ತಿದ್ದರು. ಅವರು ನಿವೃತ್ತರಾದ ಮೇಲೆ ನಮಗೆ ದಿಕ್ಕೇ ತೋಚದಂತಾಯಿತು. ಅಂಥದ್ದರಲ್ಲಿ ಶುಕ್ರವಾರ ನನ್ನ ತಂಗಿಯ ಕುಬಸ! ಅವ್ವ ಇಲ್ಲದ ಹುಡುಗಿ, ಏಳು ತಿಂಗಳ ಬಸುರಿ, ಉಡಿ ತುಂಬಬೇಕಾದವಳು ನಾನೇ. ರಜೆ ಸಿಗದಿದ್ದರೆ ಅವಳ ಮುಖ ಹೇಗೆ ನೋಡಲಿ?

"ಸಾಹೇಬ್ರ ಕುರ್ಚಿ ದಿಂಬಿನಾಗ ಯಂತ್ರ ಇಟ್ಟೀನ್ರೀ ಮಂಗಳಕ್ಕಾರ. ನಾಡಿ, ಉಸಿರು, ಹಲ್ಲು ಕಡಿಯೋ ಸಪ್ಪಳ, ಎಲ್ಲಾ ಅಳೀತೈತಿ!" ಎಂದ ಫಕೀರಪ್ಪ.

"ಸಾಹೇಬ್ರಿಗೆ ಗೊತ್ತೈತೇನೋ?"

"ವಿಜ್ಞಾನಕ್ಕ ಅಪ್ಪಣೆ ಬೇಕೇನ್ರೀ?"

ಅಷ್ಟರಲ್ಲಿ ಹಸಿರು ಹತ್ತಿತು! ನಾನು ಹೆಜ್ಜೆ ಎತ್ತುವುದರೊಳಗೆ ವೆಲ್ಡಿಂಗಿನವರು, ಬಣ್ಣದವರು, ಗೇಟಿನ ಕಾವಲುಗಾರ, ಎಲ್ಲರೂ ಒಟ್ಟಿಗೇ ಒಳನುಗ್ಗಿದರು. ಎಲ್ಲರ ಜೇಬಿನಲ್ಲೂ ಒಂದೊಂದು ರಜೆ ಅರ್ಜಿ!

"ಏನಿದು? ಸ್ಟ್ರೈಕ್ ಮಾಡ್ತೀರೇನು?" ಸಾಹೇಬರು ಗುಡುಗಿದರು. ದೀಪ ಕೆಂಪಾಯಿತು.

ಆಮೇಲೆ ನಾವು ಜಾಣರಾದೆವು. ದೀಪವನ್ನು ಹಸಿರಾಗಿಡುವುದೇ ಕಾರ್ಖಾನೆಯ ಮುಖ್ಯ ಕೆಲಸವಾಯಿತು. ಫೋರಮನ್ ಬಿಸಿ ಮಿರ್ಚಿ ಭಜಿ ತಂದ. ಬಣ್ಣದವರು ಸಾಹೇಬರ ಅದೇ ಹಳೆಯ ಎಮ್ಮೆ ಜೋಕಿಗೆ ಪಾಳಿಯ ಮೇಲೆ ಹೋಗಿ ನಕ್ಕು ಬಂದರು. ಈ ಗಡಿಬಿಡಿಯಲ್ಲಿ ಕಪಾಟುಗಳಿಗೆ ಬಾಗಿಲು ಹಚ್ಚುವುದನ್ನು ಎಲ್ಲರೂ ಮರೆತರು. ಬುಧವಾರ ಅಂಗಡಿಯವರು ಫೋನ್ ಮಾಡಿ "ಬಾಗಿಲಾ ಎಲ್ರೀ?" ಎಂದು ಕೇಳಿದ್ದೇ ತಡ, ಸಾಹೇಬರು ಕೋಣೆಯಿಂದ ಹಾರಿ ಬಂದರು. ಬಂದವರು ತಲೆಯೆತ್ತಿ ಇನ್ನೂ ಆರದ ಕೆಂಪು ದೀಪ ನೋಡಿಬಿಟ್ಟರು!

"ಯಾರ ಕೆಲಸ ಇದು?"

ಫಕೀರಪ್ಪ ಎಲ್ಲ ಬಾಯಿಬಿಟ್ಟ. ಅವನ ನೌಕರಿ ಹೋಯಿತೆಂದೇ ನನಗೆ ಅಳು ಬಂತು. ಸಾಹೇಬರು ಮಾತ್ರ ಬೆರಗಾಗಿ ನಿಂತರು.

"ನನಗ ಇಷ್ಟ ಸಿಟ್ಟು ಬರ್ತೈತೇನು? ಇಷ್ಟ ವರ್ಷ ಒಬ್ರೂ ಹೇಳ್ಲಿಲ್ಲಲ್ಲ! ಇದನ್ನ ನನ್ನ ಮೇಜಿನ ಮುಂದ ಹಾಕು!"

ಹಾಕಿದ. ಆ ಗಳಿಗೆಯಿಂದ ಸಾಹೇಬರು ಮೊದಲು ದೀಪ ನೋಡುವುದು, ಆಮೇಲೆ ಮಾತಾಡುವುದು! ಹಸಿರಿದ್ದರೆ ನಗು, ಕೆಂಪಿದ್ದರೆ ಬೈಗುಳ. ಮರುದಿನ ಗುರುವಾರ ಕೆಂಪು ಹತ್ತಿತು. "ಈಗ್ಯಾಕ ಸಿಟ್ಟು ಬಂತು ನನಗ?" ಎಂದು ಅವರಿಗೆ ಸಿಟ್ಟು ಬಂತು. ದೀಪ ಇನ್ನಷ್ಟು ಕೆಂಪಾಯಿತು. ಅದನ್ನು ನೋಡಿ ಅವರಿಗೆ ಇನ್ನಷ್ಟು ಸಿಟ್ಟು! ಕಡೆಗೆ ದಿಂಬಿನಿಂದ ಹೊಗೆ ಎದ್ದು, ಡಬ್ಬಿ ಢಮ್ಮೆಂದು ಸಿಡಿಯಿತು. ಫಕೀರಪ್ಪ ಗೇಟು ದಾಟಿ ಓಡಿದ.

ಬೆಳಗಾದರೆ ಕುಬಸ. ನಾನು ದೇವರ ಮೇಲೆ ಭಾರ ಹಾಕಿ ಅರ್ಜಿ ಹಿಡಿದು ಒಳಗೆ ಹೋದೆ. ಸಾಹೇಬರು ಆರಿದ ಡಬ್ಬಿಯನ್ನೇ ನೋಡುತ್ತ ಕೂತಿದ್ದರು.

"ಮಂಗಳವ್ವಾರ, ನನಗೀಗ ಸಿಟ್ಟು ಬಂದೈತೋ ಇಲ್ಲೋ?"

ನನಗೆ ಎಲ್ಲಿಂದ ಧೈರ್ಯ ಬಂತೋ! "ಇಲ್ರೀ ಸರ. ನಿಮಗ ಭಾಳ ಖುಷಿ ಆಗೇತ್ರಿ."

"ಹೌದಾ? ಯಾಕ?"

"ನಾಳೆ ನಮ್ಮ ತಂಗಿ ಕುಬಸ ಐತ್ರಿ. ನನಗ ರಜೆ ಕೊಡಾಕತ್ತೀರಿ."

"ಹಂಗಾರ ಖುಷೀನ ಬಿಡ್ರಿ" ಎಂದು ಸಹಿ ಹಾಕಿದರು. ಮರುದಿನ ತಂಗಿಯ ಉಡಿ ತುಂಬುವಾಗ ನನ್ನ ಕಣ್ಣು ತುಂಬಿ ಬಂತು.

ಈಗ ಸಾಹೇಬರು ಕಂಡಕಂಡವರನ್ನು ಕರೆದು ತಮ್ಮ ಮೂಡು ಕೇಳುತ್ತಾರೆ. ಒಮ್ಮೆಯೂ ಸಿಟ್ಟಾಗಿಲ್ಲ. "ನಿಮಗೆ ಸಿಟ್ಟು ಬಂದಿದೆ" ಎಂದು ಸಾಹೇಬರ ಎದುರು ಹೇಳುವ ಧೈರ್ಯ ನಮ್ಮ ಕಾರ್ಖಾನೆಯಲ್ಲಿ ಯಾರಿಗಿದೆ?